ತೆರೆದ ಎದೆಯನ್ನು ಹಾಗೆಯೇ ಮುಚ್ಚಿದಾಗ

ಎದೆಯ ಶಸ್ತ್ರಚಿಕಿತ್ಸೆ ಕಲಿಯುತ್ತಿರುವ ಹುಡುಗ ಹುಡುಗಿಯರು ಈಗಲೂ ಆಗಾಗ ನಮ್ಮ ಮನೆಗೆ ಬರುತ್ತಾರೆ. ಕಾಫಿ ಲೋಟ ಕೆಳಗಿಡುವಷ್ಟರಲ್ಲಿ ಅವರಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ: "ಮೇಡಂ, ನೀವು ಮಾಡಿದ್ದರಲ್ಲಿ ತುಂಬ ಕಷ್ಟದ ಆಪರೇಷನ್ ಯಾವುದು?" ರಕ್ತನಾಳ ಹರಿದು ಎದೆಯ ತುಂಬ ರಕ್ತ ನಿಂತ ಕಥೆಯನ್ನು ಅವರು ನಿರೀಕ್ಷಿಸುತ್ತಾರೆ. ಅಂಥವೂ ಇದ್ದವು. ಆದರೆ ನಾನು ಏನನ್ನೂ ಕೊಯ್ಯದೆ ಮುಚ್ಚಿದ ಒಂದು ಎದೆಯ ಬಗ್ಗೆ ಹೇಳತೊಡಗಿದರೆ ಅವರ ಮುಖ ಸಪ್ಪಗಾಗುತ್ತದೆ. ಕಾಫಿಯ ಹೊತ್ತಿನಲ್ಲಿ ಹೇಳಿ ಮುಗಿಯುವ ಮಾತಲ್ಲ ಅದು. ಹಾಗಾಗಿ ಬರೆಯುತ್ತಿದ್ದೇನೆ.

ನಾನು ಕೊಯಮತ್ತೂರಿನವಳು. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಶಾಲೆಯಲ್ಲಿ ಕಲಿಯದ ಕನ್ನಡ ಅಕ್ಷರವನ್ನು ಅಜ್ಜಿ ಅಕ್ಕಿಯ ಮೇಲೆ ಬರೆಸಿ ಕಲಿಸಿದ್ದರಿಂದ ಇಷ್ಟು ಬರೆಯಬಲ್ಲೆ. ಕೆಲಸ ಮಾಡಿದ್ದೆಲ್ಲ ಇದೇ ಊರಿನ ಒಂದೇ ಆಸ್ಪತ್ರೆಯಲ್ಲಿ. ಬೇರೆಲ್ಲೋ ಹುಟ್ಟಿ ಶ್ವಾಸಕೋಶಕ್ಕೆ ಬಂದು ನೆಲೆಸಿದ ಕ್ಯಾನ್ಸರನ್ನು ತೆಗೆಯುವುದು ನನ್ನ ಕೆಲಸದ ದೊಡ್ಡ ಪಾಲಾಗಿತ್ತು. ಮೈಯ ರಕ್ತವೆಲ್ಲ ಶ್ವಾಸಕೋಶವನ್ನು ಹಾದೇ ಹೋಗಬೇಕು. ಅದೊಂದು ಜರಡಿಯಂತೆ. ಕರುಳಿನಿಂದಲೋ ಎಲುಬಿನಿಂದಲೋ ಕಳಚಿಕೊಂಡ ರೋಗದ ಕಣ ಅಲ್ಲಿ ಸಿಕ್ಕಿಹಾಕಿಕೊಂಡು ಗಂಟಾಗಿ ಬೆಳೆಯುತ್ತದೆ. ಹರಡಿತು ಎಂದರೆ ಮುಗಿಯಿತು ಎಂದು ಜನ ತಿಳಿಯುತ್ತಾರೆ. ಎಲ್ಲರಿಗೂ ಮುಗಿಯುವುದಿಲ್ಲ. ಗಂಟುಗಳು ಕೆಲವೇ ಇದ್ದು, ಹುಟ್ಟಿದ ಜಾಗ ಶುದ್ಧವಾಗಿದ್ದು, ಎಲ್ಲವನ್ನೂ ತೆಗೆದ ಮೇಲೂ ಉಸಿರಾಡಲು ಸಾಕಷ್ಟು ಶ್ವಾಸಕೋಶ ಉಳಿಯುವುದಾದರೆ, ಕೊಯ್ದು ತೆಗೆದು ವರ್ಷಗಟ್ಟಲೆ ಬದುಕಿಸಬಹುದು. ಈ "ಆದರೆ"ಗಳನ್ನು ತೂಗಿ ನೋಡುವುದೇ ನಮ್ಮ ವಿದ್ಯೆ. ಚಾಕು ಆಮೇಲಿನದು.

ನನಗೆ ಅದನ್ನು ಕಲಿಸಿದವರು ಡಾಕ್ಟರ್ ವೇಲುಸಾಮಿ. ವಿಭಾಗದ ಮುಖ್ಯಸ್ಥರು, ಗಿಡ್ಡ ಆಳು, ಮಾತು ಕಡಿಮೆ. ರೋಗಿಗೆ ಆಪರೇಷನ್ ತಡೆಯುವ ಶಕ್ತಿ ಇದೆಯೇ ಎಂದು ನೋಡಲು ಯಂತ್ರದ ಪರೀಕ್ಷೆಗಳಿದ್ದರೂ ಅವರಿಗೆ ಅಷ್ಟು ಸಾಲದು. ರೋಗಿಯನ್ನು ಕರೆದುಕೊಂಡು ಆಸ್ಪತ್ರೆಯ ಮೆಟ್ಟಿಲು ಹತ್ತುತ್ತಿದ್ದರು. ಲಿಫ್ಟು ಪಕ್ಕದಲ್ಲೇ ಇರುತ್ತಿತ್ತು. ಇವರು ರೋಗಿಯ ಮಗ್ಗುಲಲ್ಲಿ ನಿಧಾನವಾಗಿ ಹತ್ತುತ್ತ ತೋಟ, ಮಳೆ, ಮಕ್ಕಳು ಎಂದು ಮಾತಿಗೆಳೆಯುವರು. ಆತ ಎಲ್ಲಿ ಮಾತು ನಿಲ್ಲಿಸಿ ಕಂಬಿ ಹಿಡಿಯುತ್ತಾನೆ ಎಂಬುದೇ ಅವರಿಗೆ ಬೇಕಾದ ಉತ್ತರ. ಹಿಂದಿನಿಂದ ನಾವು ಕಿರಿಯರು ಏದುಸಿರು ಬಿಡುತ್ತ ಹತ್ತುತ್ತಿದ್ದೆವು.

ನಾನು ಸೇರಿದ ಹೊಸತರಲ್ಲಿ ಎದೆಯನ್ನು ಪಕ್ಕೆಲುಬುಗಳ ನಡುವೆ ಅಗಲವಾಗಿ ತೆರೆದೇ ಕೆಲಸ ಮಾಡಬೇಕಿತ್ತು. ಅರಿವಳಿಕೆಯ ವೈದ್ಯರು ಒಂದು ಕಡೆಯ ಶ್ವಾಸಕೋಶಕ್ಕೆ ಗಾಳಿ ನಿಲ್ಲಿಸುತ್ತಾರೆ, ಅದು ಕುಗ್ಗಿ ಒದ್ದೆ ಸ್ಪಂಜಿನಂತೆ ಕೈಗೆ ಬರುತ್ತದೆ. ಸ್ಕ್ಯಾನಿನಲ್ಲಿ ಕಂಡ ಗಂಟುಗಳ ಜತೆಗೆ ಕಾಣದವೂ ಇರುತ್ತಿದ್ದವು. ಅವನ್ನು ಬೆರಳೇ ಹುಡುಕಬೇಕು. ಮೊದಲ ಸಲ ನನ್ನ ಕೈಯನ್ನು ಒಳಗೆ ಬಿಟ್ಟು ವೇಲುಸಾಮಿಯವರು ತಮಿಳಿನಲ್ಲಿ ಅಂದದ್ದು ನೆನಪಿದೆ: "ಕಣ್ಣು ಮುಚ್ಚಿಕೊಂಡು ನೋಡಮ್ಮ." ಮುಚ್ಚಿದೆ. ಮೆತ್ತಗಿನ ಆ ಮಾಂಸದೊಳಗೆ, ಹೆಬ್ಬೆರಳು ತೋರುಬೆರಳುಗಳ ನಡುವೆ, ಬೆಂದ ಅನ್ನದಲ್ಲಿ ಕಲ್ಲು ಸಿಕ್ಕಿದಂತೆ ಏನೋ ಸಿಕ್ಕಿತು. "ಸಿಕ್ಕಿತಾ? ಈಗ ಪೂರ್ತಿ ಇನ್ನೊಮ್ಮೆ ಹುಡುಕು. ಸಿಕ್ಕಿದ ಸಂತೋಷದಲ್ಲಿ ಉಳಿದದ್ದನ್ನು ಬಿಡ್ತೀಯ," ಎಂದರು. ಹಾಗೆ ಇನ್ನೊಮ್ಮೆ ಹುಡುಕುವ ಅಭ್ಯಾಸ ಕಡೆಯವರೆಗೂ ನನ್ನನ್ನು ಬಿಡಲಿಲ್ಲ.

ಇಂಥ ಗುರುವೂ ಎಡವಿದರು.

ಪೋತ್ತನೂರಿನ ರೈಲ್ವೆ ಕಾರ್ಖಾನೆಯಲ್ಲಿದ್ದ ಒಬ್ಬ ಫಿಟ್ಟರ್. ಹಿಂದೊಮ್ಮೆ ಮೂತ್ರಪಿಂಡದ ಕ್ಯಾನ್ಸರಿಗೆ ಆಪರೇಷನ್ ಆಗಿ ಗುಣವಾಗಿದ್ದ ಮನುಷ್ಯ. ಕೆಲ ವರ್ಷದ ಮೇಲೆ ಎದೆಯ ಚಿತ್ರದಲ್ಲಿ ಒಂದು ಗಂಟು ಕಂಡಿತು. ವೇಲುಸಾಮಿಯವರು ಚಿತ್ರವನ್ನು ಬೆಳಕಿಗೆ ಹಿಡಿದು ನೋಡಿ, "ಹಳೆಯದೇ ಹರಡಿದೆ. ತೆಗೆಯೋಣ" ಎಂದು ಮನೆಯವರಿಗೆ ಹೇಳಿದರು. ಆಗ ನಮಗೆಲ್ಲ ಹಾಗೆಯೇ ಅನಿಸಿತ್ತು. ತೆಗೆದೆವು. ಪರೀಕ್ಷೆಯಿಂದ ಬಂದ ಉತ್ತರ ಕ್ಷಯ. ನಮ್ಮ ನಾಡಿನಲ್ಲಿ ಕ್ಷಯದ ಗಂಟು ಕ್ಯಾನ್ಸರಿನ ವೇಷ ಹಾಕಿಕೊಂಡು ಬರುವುದು ಹೊಸದೇನಲ್ಲ. ಮಾತ್ರೆಯಲ್ಲಿ ವಾಸಿಯಾಗುವ ರೋಗ.

ಸಂತೋಷದ ಸುದ್ದಿ ಎಂದು ನಾವು ವಾರ್ಡಿಗೆ ಹೋದೆವು. ಫಿಟ್ಟರ್ ನಕ್ಕ. ಹೆಂಡತಿ ನಮಗೆ ಕೈ ಮುಗಿದಳು. ಹೊಸ ತಾಳಿಯ ಅರಿಶಿನ ಇನ್ನೂ ಆರದ ಮಗಳೊಬ್ಬಳು ಮಂಚದ ಹಿಂದೆ ನಿಂತಿದ್ದಳು. ನಾವು ಹೊರಟಾಗ ಅವಳು ವರಾಂಡಕ್ಕೆ ಬಂದಳು.

"ಸಾರ್, ಅಪ್ಪಾಗೆ ಏನೂ ಇಲ್ಲ ಅಂದಿರಿ, ಅದೇ ನನಗೆ ದೇವರು ಕೊಟ್ಟ ವರ," ಎಂದು ತಮಿಳಿನಲ್ಲಿ ಹೇಳಿದಳು. "ಆದರೆ ಅಪ್ಪ ಕಣ್ಣು ಮುಚ್ಚೋ ಮುಂಚೆ ನೋಡಲಿ ಅಂತ ಆಪರೇಷನ್‌ಗೆ ಮೊದಲೇ ನನ್ನ ಮದುವೆ ಮುಗಿಸಿದರು. ನಾನು ನರ್ಸಿಂಗ್ ಕಡೇ ವರ್ಷದಲ್ಲಿದ್ದೆ, ಅರ್ಧಕ್ಕೆ ಬಿಟ್ಟೆ. ನೀವು ಆವತ್ತು 'ನೋಡಬೇಕು, ಇನ್ನೂ ಗೊತ್ತಿಲ್ಲ' ಅಂತ ಒಂದು ಮಾತು ಅಂದಿದ್ದರೆ ನಮ್ಮ ಮನೆಯಲ್ಲಿ ಕಾಯುತ್ತಿದ್ದರು ಸಾರ್."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಎದುರಿಸುವುದು ಸುಲಭವಾಗುತ್ತಿತ್ತೋ ಏನೋ. ವೇಲುಸಾಮಿಯವರು ಅವಳ ಕಡೆ ತಿರುಗಿದರು. "ನಿಜ ಅಮ್ಮ. ನಾನು ಹಾಗೆ ಹೇಳಬೇಕಿತ್ತು," ಎಂದರು. ಅದೇ ವಾರ ಅವಳ ಗಂಡನನ್ನೂ ಅತ್ತೆಯನ್ನೂ ತಮ್ಮ ಕೋಣೆಗೆ ಕರೆಸಿ ಕೂರಿಸಿ ಮಾತಾಡಿದರು. ಏನು ಹೇಳಿದರೋ ನನಗೆ ತಿಳಿಯದು. ಆ ಹುಡುಗಿ ಕಾಲೇಜಿಗೆ ಮರಳಿದಳು, ಮುಂದೆ ನಮ್ಮಲ್ಲೇ ನರ್ಸಾಗಿ ಬಂದಳು. ಅಂದಿನಿಂದ ವೇಲುಸಾಮಿಯವರು ಗಂಟು ಎಂದರೇ ಹೊರತು, ಪರೀಕ್ಷೆಯಾಗುವ ತನಕ ಅದಕ್ಕೆ ಹೆಸರಿಡಲಿಲ್ಲ. ನಾವು ಯಾರಾದರೂ ಆತುರಪಟ್ಟರೆ ಕನ್ನಡಕದ ಮೇಲಿನಿಂದ ನೋಡುತ್ತಿದ್ದರು, ಅಷ್ಟೇ.

ಅವರು ನಿವೃತ್ತರಾದ ಮೇಲೆ ವಿಧಾನವೇ ಬದಲಾಯಿತು. ಪಕ್ಕೆಯಲ್ಲಿ ಸಣ್ಣ ತೂತುಗಳನ್ನು ಮಾಡಿ, ಕ್ಯಾಮೆರಾ ಇಳಿಸಿ, ಪರದೆ ನೋಡುತ್ತ ಕೊಯ್ಯುವ ಪದ್ಧತಿ ಬಂತು. ಹೊಸದಾಗಿ ಸೇರಿದ ಅರುಣ್ ಅದರಲ್ಲಿ ನುರಿತವನು. ನಾನು ಜಗ್ಗಲಿಲ್ಲ. "ಬೆರಳಿಗೆ ಸಿಗೋದು ನಿನ್ನ ಕ್ಯಾಮೆರಾಕ್ಕೆ ಕಾಣುತ್ತೇನಪ್ಪ?" ಎಂದು ಎಲ್ಲರೆದುರೇ ಕೇಳುತ್ತಿದ್ದೆ. ಅವನು ವಿನಯವಾಗಿ, "ಮೇಡಂ, ಈಗಿನ ಸ್ಕ್ಯಾನು ಮುಂಚಿನ ಸ್ಕ್ಯಾನಲ್ಲ. ಬೆರಳಿಗೆ ಸಿಗೋ ಮುಂಚೆ ಅದಕ್ಕೇ ಸಿಗುತ್ತೆ," ಎನ್ನುತ್ತಿದ್ದ.

ಕಾಂಗೇಯಂನ ಕಾಲೇಜು ಹುಡುಗಿಯೊಬ್ಬಳು ನಮ್ಮ ಜಗಳವನ್ನು ಬಗೆಹರಿಸಿದಳು. ಮೊಣಕಾಲಿನ ಎಲುಬಿನ ಕ್ಯಾನ್ಸರಿಗೆ ಚಿಕಿತ್ಸೆಯಾಗಿ, ಆಮೇಲೆ ಬಲಗಡೆಯ ಶ್ವಾಸಕೋಶಕ್ಕೆ ಬಂದದ್ದನ್ನು ನಾನೇ ಎದೆ ತೆರೆದು ತೆಗೆದಿದ್ದೆ. ಎರಡು ವರ್ಷದ ನಂತರ ಎಡಗಡೆ ಅಂಚಿನಲ್ಲಿ ಒಂದೇ ಒಂದು ಗಂಟು ಬಂತು. ಅವಳು ನನ್ನ ಕೈ ಹಿಡಿದುಕೊಂಡಳು. "ಡಾಕ್ಟರ್, ಕ್ಯಾನ್ಸರಿಗೆ ನಾನು ಹೆದರಲ್ಲ. ಹೋದ ಸಲದ ಆ ನೋವಿಗೆ ಹೆದರ್ತೀನಿ. ಸೀನಿದರೆ ಸತ್ತೇ ಹೋಗ್ತೀನಿ ಅನಿಸ್ತಿತ್ತು." ಅವಳನ್ನು ಅರುಣ್‌ಗೆ ಒಪ್ಪಿಸಿದೆ. ಅವನು ಪರದೆ ನೋಡುತ್ತ ಗಂಟನ್ನು ಅಂಚಿನ ಸಮೇತ ಸ್ಟೇಪ್ಲರಿನಿಂದ ಕತ್ತರಿಸಿ ತೆಗೆಯುವಾಗ ನಾನು ಎದುರು ನಿಂತಿದ್ದೆ, ಕೈಗೆ ಕೆಲಸವಿಲ್ಲದೆ. ಆ ಹುಡುಗಿ ಮಾರನೆಯ ದಿನ ವಾರ್ಡಿನಲ್ಲಿ ಓಡಾಡುತ್ತಿದ್ದಳು. ನನ್ನನ್ನು ಕಂಡು ಬೇಕೆಂದೇ ಸೀನಿ ತೋರಿಸಿದಳು. ನಾನು ಆ ವಯಸ್ಸಿನಲ್ಲಿ ಅರುಣ್ ಬಳಿ ಕ್ಯಾಮೆರಾ ಹಿಡಿಯುವುದನ್ನು ಕಲಿತೆ. ಆ ಹುಡುಗಿ ಈಗ ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ.

ಇನ್ನು ಮೆಟ್ಟುಪಾಳ್ಯದ ರಂಗರಾಜುವಿನ ವಿಷಯ.

ಮೆಟ್ಟುಪಾಳ್ಯದಲ್ಲಿ ನೀಲಗಿರಿಯಿಂದ ಇಳಿಯುವ ಆಲೂಗೆಡ್ಡೆಯ ಮಂಡಿಗಳಿವೆ. ಅಂಥ ಒಂದು ಮಂಡಿಯಲ್ಲಿ ಹರಾಜು ಕೂಗುವುದು ರಂಗರಾಜುವಿನ ಕೆಲಸ. ಅವರ ಅಪ್ಪನದೂ ಅದೇ ಕೆಲಸ. ತಲೆಮಾರುಗಳ ಹಿಂದೆ ಬಂದು ನೆಲೆಸಿದ ಕನ್ನಡದ ಒಕ್ಕಲು ಮನೆತನ. ಐವತ್ತು ದಾಟಿದ ದಪ್ಪ ಮೈ, ಅಗಲ ಎದೆ, ಪಿಸುಗುಟ್ಟಿದರೂ ಪಕ್ಕದ ಕೋಣೆಗೆ ಕೇಳುವ ದನಿ. ಕರುಳಿನ ಕ್ಯಾನ್ಸರಿಗೆ ಆಪರೇಷನ್ ಆಗಿ, ಔಷಧಿಯೂ ಮುಗಿದ ಮೇಲೆ, ಎರಡೂ ಶ್ವಾಸಕೋಶಗಳಲ್ಲಿ ಕೆಲವು ಗಂಟುಗಳು ಕಂಡಿದ್ದವು. ಸೂಜಿಯಿಂದ ತೆಗೆದು ಪರೀಕ್ಷಿಸಿದ್ದರಿಂದ ಈ ಸಲ ಹೆಸರಿನಲ್ಲಿ ಅನುಮಾನವಿರಲಿಲ್ಲ.

ಮೊದಲ ದಿನ ಅವರ ಭಾವಮೈದುನ ಒಬ್ಬನೇ ಒಳಗೆ ಬಂದು ತಮಿಳಿನಲ್ಲಿ, "ಹರಡಿದೆ ಅಂತ ಮಾಮಾಗೆ ಹೇಳಬೇಡಿ ಡಾಕ್ಟರ್, ಕುಸಿದುಹೋಗ್ತಾರೆ," ಎಂದು ಬೇಡಿಕೊಂಡ. ಅವನು ಹೊರಗೆ ಹೋದ ಮೇಲೆ ರಂಗರಾಜು ಹೆಂಡತಿ ರಾಜಮ್ಮನ ಜೊತೆ ಬಂದು ಕೂತರು. ನನ್ನ ಮನೆಮಾತೂ ಕನ್ನಡವೆಂದು ಯಾರೋ ಹೇಳಿದ್ದರು. ಕನ್ನಡದಲ್ಲೇ ಶುರು ಮಾಡಿದರು.

"ಡಾಕ್ಟರಮ್ಮ, ನಮ್ಮ ಮಚ್ಚಾನ್ ನನ್ಗೆ ಏನೂ ಹೇಳ್ಬೇಡಿ ಅಂದಿರ್ತಾನೆ. ಆಮಾ ತಾನೆ, ಹೌದಲ್ವಾ? ನಾನು ಏಲ ಕೂಗೋನು. ಎದ್ರಿಗೆ ನಿಂತೋನ ಮುಖ ನೋಡಿದ್ರೆ ಗೊತ್ತಾಯ್ತದೆ, ಇವ್ನು ಯಾವ ಬೆಲೆಗೆ ಕೈ ಬಿಟ್ಟು ನಿಂತ್ಕೋತಾನೆ ಅಂತ. ನಮ್ಮ ಮನೇಲಿ ಎಲ್ಲಾರ ಮುಖಾನೂ ನಿಂತೋಗೈತೆ. ನೀವು ಬಿಚ್ಚಿ ಹೇಳಿ."

ಬಿಚ್ಚಿ ಹೇಳಿದೆ. ಬಲಗಡೆಯವು ಅಂಚಿನಲ್ಲಿವೆ, ಸುಲಭವಾಗಿ ತೆಗೆಯಬಹುದು. ಎಡಗಡೆಯದೊಂದು ಆಳದಲ್ಲಿದೆ, ಅದಕ್ಕೆ ಶ್ವಾಸಕೋಶದ ಕೆಳಗಿನ ಭಾಗವನ್ನೇ ಪೂರ್ತಿ ತೆಗೆಯಬೇಕಾಗುತ್ತದೆ. ಎರಡೂ ಒಟ್ಟಿಗೆ ಬೇಡ, ಮೊದಲು ಬಲ, ಚೇತರಿಸಿಕೊಂಡ ಮೇಲೆ ಎಡ.

"ಆಮೇಲೆ ಉಸುರು ಹೆಂಗಿರ್ತದೆ?" ಎಂದರು.

ನಮ್ಮ ಕಡೆಯ ಆಡುಮಾತಿನ ತಮಿಳಿನಲ್ಲಿ "ಉಸುರು" ಅಂದರೆ ಪ್ರಾಣ. ಮನೆಗನ್ನಡದಲ್ಲಿ ಉಸಿರಾಟ. ಇವರು ಯಾವುದನ್ನು ಕೇಳುತ್ತಿದ್ದಾರೆಂದು ನಾನು ಒಂದು ಕ್ಷಣ ತಡೆದೆ. ಅವರಿಗೆ ಅವೆರಡೂ ಬೇರೆಯಾಗಿರಲಿಲ್ಲ ಎಂದು ನನಗೆ ಅರ್ಥವಾದದ್ದು ಬಹಳ ತಡವಾಗಿ. "ಬದುಕೋದಕ್ಕೆ ಸಾಕು. ಏಲ ಕೂಗೋದಕ್ಕೆ ಸಾಲುತ್ತೋ ಇಲ್ಲವೋ ಹೇಳಲಾರೆ," ಎಂದೆ.

ಅವರ ಜೊತೆ ಮೆಟ್ಟಿಲು ಹತ್ತಿದೆ. ಮೇಲಿನ ಮಹಡಿ ಮುಟ್ಟುವ ತನಕ ಆಲೂಗೆಡ್ಡೆಯ ಜಾತಿಗಳನ್ನು ನನಗೆ ವಿವರಿಸುತ್ತಲೇ ಬಂದರು. ಕಂಬಿ ಹಿಡಿದದ್ದು ನಾನು.

ಗಂಟುಗಳು ಒಂದಕ್ಕಿಂತ ಹೆಚ್ಚಿದ್ದುದರಿಂದ ಬೆರಳಿನಿಂದ ಹುಡುಕಲೆಂದು ಎದೆ ತೆರೆದೇ ಮಾಡಿದ ಬಲಗಡೆಯ ಆಪರೇಷನ್ ಅಂದುಕೊಂಡಂತೆ ಆಯಿತು. ಬೆರಳಿಗೆ ಸ್ಕ್ಯಾನಿಗಿಂತ ಹೆಚ್ಚೇನೂ ಸಿಗಲಿಲ್ಲ. ಶ್ವಾಸಕೋಶ ಹಿಗ್ಗಲೆಂದು ಗಾಳಿ ಎಳೆದುಕೊಂಡು ಚೆಂಡುಗಳನ್ನು ಮೇಲೇರಿಸುವ ಪ್ಲಾಸ್ಟಿಕ್ ಉಪಕರಣವನ್ನು ಎಲ್ಲರಿಗೂ ಕೊಡುತ್ತೇವೆ. ಇವರು ನೋವಿನಲ್ಲೂ ಅದನ್ನು ವಾರ್ಡಿನ ಪಂದ್ಯ ಮಾಡಿಬಿಟ್ಟರು. ಪಕ್ಕದ ಮಂಚದವನ ಚೆಂಡು ಅರ್ಧಕ್ಕೇರಿದರೆ, "ಇನ್ನೊಂದ್ಸಾರಿ, ಇನ್ನೊಂದ್ಸಾರಿ," ಎಂದು ಹರಾಜಿನ ದನಿಯಲ್ಲಿ ಏರಿಸುವರು.

ಆದರೂ ಎರಡನೆಯ ಆಪರೇಷನ್ನಿಗೆ ದಿನ ಗೊತ್ತುಮಾಡಲು ಬಂದಾಗ ಮಂಕಾಗಿದ್ದರು. ನಡುವೆ ಒಂದೆರಡು ದಿನ ಮಂಡಿಗೆ ಹೋಗಿದ್ದರಂತೆ.

"ಮುಂಚೆ ಒಂದೇ ಉಸುರಲ್ಲಿ ಬೆಲೆ ಮೇಲಕ್ಕೆ ತಕೊಂಡೋಗ್ತಿದ್ದೆ ಅಮ್ಮ. ಈಗ ನಡುವೆ ನಿಲ್ಲಿಸ್ಬೇಕು. ನಿಲ್ಸಿದ ಕಡೆ ವ್ಯಾಪಾರಿಯೂ ನಿಂತ್ಕೋತಾನೆ. ಎಡಗಡೆ ಅಷ್ಟೊಂದು ತೆಗೆದ್ರೆ ನಾನು ಮಂಡೀಲಿ ಮೂಟೆ ಎಣಿಸ್ಕೊಂಡು ಕೂತ್ಕೋಬೇಕು."

ರಾಜಮ್ಮ ಆ ತನಕ ನನ್ನೆದುರು ಬಾಯಿ ಬಿಟ್ಟವರಲ್ಲ. "ಎಣಿಸ್ಕೊಂಡು ಕೂತ್ಕೊಳ್ಳಿ," ಎಂದರು. "ಎಣಿಸೋಕೆ ನೀವು ಇರ್ಬೇಕಲ್ಲ."

ರಂಗರಾಜು ಹೆಂಡತಿಯ ಮುಖವನ್ನು ಒಂದು ಗಳಿಗೆ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, "ಇವ್ಳು ನಿಲ್ಲೋ ಮುಖ ಅಲ್ಲ ಅಮ್ಮ. ಮಾಡಿ," ಎಂದರು.

ಎಡಗಡೆ ತೆರೆದೆ. ಆಳದ ಗಂಟನ್ನು ತಲುಪಲು ಹೇಗೆ ಹೋಗಬೇಕೆಂದು ನಾನೂ ಅರುಣನೂ ಚೆನ್ನಾಗಿ ಚರ್ಚಿಸಿಕೊಂಡಿದ್ದೆವು. ಅಲ್ಲಿಯವರೆಗೆ ಹೋಗುವ ಅಗತ್ಯವೇ ಬೀಳಲಿಲ್ಲ. ಎದೆಗೂಡಿನ ಒಳಗೋಡೆಯ ಮೇಲೆ, ಶ್ವಾಸಕೋಶದ ಹೊದಿಕೆಯ ಮೇಲೆ, ಗಸಗಸೆ ಚೆಲ್ಲಿದಂತೆ ಬಿಳಿಯ ಕಾಳುಗಳು. ಸ್ಕ್ಯಾನಿಗೆ ಕಾಣಿಸದಷ್ಟು ಸಣ್ಣವು. ಒಂದನ್ನು ಕಿತ್ತು ಪರೀಕ್ಷೆಗೆ ಕಳಿಸಿ ಕಾದೆವು. ಕ್ಷಯವಾಗಿರಲಿ ಎಂದು ಆಗ ನಾನು ಬೇಡಿಕೊಂಡಷ್ಟು ಎಂದೂ ಬೇಡಿಕೊಂಡಿಲ್ಲ. ಅಲ್ಲ, ಕ್ಯಾನ್ಸರೇ ಎಂದು ಫೋನು ಬಂತು.

"ಆ ಒಂದು ಗಂಟನ್ನಾದರೂ ತೆಗೆದುಬಿಡೋಣವೇ ಮೇಡಂ?" ಎಂದ ಅರುಣ್. ಅವನ ದನಿ ನನಗೆ ಅರ್ಥವಾಯಿತು. ಅಷ್ಟು ದೂರ ಬಂದು, ಎದೆ ತೆರೆದು, ಬರಿಗೈಯಲ್ಲಿ ಹಿಂತಿರುಗುವುದು ಯಾವ ಸರ್ಜನ್‌ಗೂ ಆಗದ ಕೆಲಸ. ಏನೋ ಒಂದು ತೆಗೆದರೆ ಏನೋ ಒಂದು ಮಾಡಿದೆವು ಎಂದಾಗುತ್ತದೆ. ನನ್ನ ಬೆರಳುಗಳು ಆಗಲೇ ಆ ಗಂಟಿನ ಮೇಲಿದ್ದವು. ಗಟ್ಟಿಯಾಗಿ, ದುಂಡಗೆ ಸಿಕ್ಕಿತ್ತು. ತೆಗೆದರೆ ಶ್ವಾಸಕೋಶದ ಕಾಲು ಭಾಗ ಹೋಗುತ್ತದೆ, ರೋಗ ಹಾಗೆಯೇ ಉಳಿಯುತ್ತದೆ. ಲಾಭ ಅವರಿಗಲ್ಲ, ನಮಗೆ. ಕೈ ಹೊರಗೆ ತೆಗೆದೆ. "ಮುಚ್ಚೋಣ," ಎಂದೆ. ಕುಗ್ಗಿದ್ದ ಶ್ವಾಸಕೋಶಕ್ಕೆ ಗಾಳಿ ಬಿಟ್ಟರು. ಅದು ಉಬ್ಬುತ್ತ, ಗುಲಾಬಿ ಬಣ್ಣಕ್ಕೆ ತಿರುಗುತ್ತ, ಎದೆಯನ್ನು ತುಂಬಿಕೊಂಡಿತು. ನಾವು ಹೊಲಿದೆವು.

ಮಾರನೆಯ ದಿನ ಹೇಳಲೇಬೇಕಿತ್ತು. ಏನು ಹೇಳಬೇಕೆಂದು ಜೋಡಿಸಿಕೊಂಡೇ ಹೋದೆ. ರಾಜಮ್ಮ ದಿಂಬು ಸರಿಮಾಡುತ್ತಿದ್ದರು. ನಾನು ಕುರ್ಚಿ ಎಳೆದುಕೊಂಡು ಕೂರುವಷ್ಟರಲ್ಲಿ ರಂಗರಾಜು ನನ್ನ ಮುಖ ನೋಡಿ ಮುಗಿಸಿದ್ದರು.

"ಆಗ್ಲಿಲ್ಲ ಅಲ್ವಾ?"

"ಆಗಲಿಲ್ಲ," ಎಂದೆ. ಕಾಳುಗಳ ವಿಷಯ ಹೇಳಿದೆ. ಔಷಧಿ ಇದೆ, ಅದು ಕೆಲಕಾಲ ತಡೆಯುತ್ತದೆ, ಆದರೆ ಕೊಯ್ದು ಗುಣಪಡಿಸುವ ದಾರಿ ಮುಗಿಯಿತು ಎಂದೆ. ರಾಜಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಗೋಡೆಯ ಕಡೆ ತಿರುಗಿದರು.

ರಂಗರಾಜು ಮಲಗಿದ್ದಲ್ಲೇ ಮೇಲ್ಛಾವಣಿಯತ್ತ ಮುಖ ತಿರುಗಿಸಿದರು. ಕಣ್ಣಿನ ಕೊನೆಯಿಂದ ನೀರಿಳಿದು ಕಿವಿಯತ್ತ ಹೋಯಿತು, ಒರೆಸಿಕೊಳ್ಳಲಿಲ್ಲ. ಆಮೇಲೆ ನಿಧಾನವಾಗಿ ಕೇಳಿದರು:

"ಹಂಗಾದ್ರೆ ಒಳ್ಗಡೆ ಏನೂ ತೆಗೀಲಿಲ್ಲ ತಾನೆ?"

"ಇಲ್ಲ."

"ಉಸುರಿಗೆ ಕೈ ಹಾಕ್ಲಿಲ್ಲ?"

"ಹಾಕಲಿಲ್ಲ. ಗಾಯ ಮಾಗಿದ ಮೇಲೆ ನೆನ್ನೆ ಎಷ್ಟಿತ್ತೋ ಅಷ್ಟೇ ಇರುತ್ತೆ."

ಅವರು ತಲೆಯನ್ನು ದಿಂಬಿನ ಮೇಲೆ ಸ್ವಲ್ಪ ಅಲುಗಿಸಿದರು. "ಅಷ್ಟಾದ್ರೂ ನನ್ಗೆ ಬಿಟ್ರಿ," ಎಂದರು. ಹೆಂಡತಿಯ ಕಡೆ ಕೈ ಚಾಚಿ, "ಲೇ, ಅಳ್ಬೇಡ. ಉರುಳಗಡ್ಡೆ ಇಳಿಯೋ ಕಾಲ ಬಂತು. ಮಂಡೀಗೆ ಹೇಳಿಕಳ್ಸು, ನಾನು ಬತ್ತೀನಿ ಅಂತ."

ನಾನು ಸೋತೆನೆಂದು ಹೇಳಲು ಹೋಗಿದ್ದೆ. ನಾನು ಕೊಯ್ಯದೆ ಬಿಟ್ಟದ್ದನ್ನು ಆ ಮನುಷ್ಯ ಕೊಟ್ಟದ್ದೆಂದು ತೆಗೆದುಕೊಂಡರು.

ಔಷಧಿ ಅವರಿಗೆ ಚೆನ್ನಾಗಿಯೇ ಹಿಡಿಯಿತು. ಒಂದು ಸುಗ್ಗಿ ದಾಟಿ ಇನ್ನೊಂದನ್ನೂ ನೋಡಿದರು. ಕೊನೆಯ ಕೆಲವು ವಾರ ಎದೆಯಲ್ಲಿ ನೀರು ತುಂಬುತ್ತಿತ್ತು, ಅದನ್ನು ತೆಗೆದು ಹಗುರ ಮಾಡಿ ಕಳಿಸುತ್ತಿದ್ದೆವು. ಮನೆಯಲ್ಲೇ ತೀರಿಕೊಂಡರೆಂದು ರಾಜಮ್ಮ ಫೋನು ಮಾಡಿದರು. ಎಲ್ಲರನ್ನೂ ಬದುಕಿಸಿದೆ ಎನ್ನುವ ಸರ್ಜನ್‌ನ ಮಾತು ನಂಬಬೇಡಿ ಎಂದು ನನ್ನ ಬಳಿ ಬರುವ ಮಕ್ಕಳಿಗೆ ಹೇಳುತ್ತೇನೆ. ಎಲ್ಲಿ ಕೈ ಹಿಂದಕ್ಕೆ ತೆಗೆದಿರಿ ಎಂದು ಅವರನ್ನು ಕೇಳಿ ಎನ್ನುತ್ತೇನೆ.

ಆದರೆ ನನ್ನ ಮನಸ್ಸಿನಲ್ಲಿ ರಂಗರಾಜು ಮಲಗಿಲ್ಲ, ನಿಂತಿದ್ದಾರೆ. ಆಪರೇಷನ್ ಆದ ಮುಂದಿನ ಸುಗ್ಗಿಯಲ್ಲಿ ಕುನ್ನೂರಿಗೆ ಹೊರಟಿದ್ದವಳು ಬೆಳಿಗ್ಗೆ ಮೆಟ್ಟುಪಾಳ್ಯದಲ್ಲಿ ಕಾರು ನಿಲ್ಲಿಸಿ ಮಂಡಿಗೆ ಹೋದೆ. ಮಣ್ಣಿನ ವಾಸನೆ, ಗೋಣಿಯ ದೂಳು, ಸುತ್ತ ವ್ಯಾಪಾರಿಗಳು. ನಡುವೆ ಆಲೂಗೆಡ್ಡೆಯ ರಾಶಿಯ ಪಕ್ಕ ಅವರು. ಒಂದೇ ಸಮನೆ ಕೂಗುತ್ತಿದ್ದರು. ಬೆಲೆ ಏರುತ್ತಿತ್ತು. ನಡುವೆ ನಿಲ್ಲುವ ಕಡೆ ಕೆಮ್ಮಿದಂತೆ ನಟಿಸಿ, ಒಬ್ಬ ವ್ಯಾಪಾರಿಯನ್ನು ಛೇಡಿಸಿ, ಆ ನಗೆಯ ಮರೆಯಲ್ಲಿ ಉಸಿರೆಳೆದುಕೊಂಡು ಮುಂದುವರಿಯುವುದನ್ನು ಕಲಿತುಬಿಟ್ಟಿದ್ದರು. ನಾನು ಜನರ ಹಿಂದೆ ನಿಂತು, ಅಭ್ಯಾಸಬಲದಿಂದ, ಅವರ ಒಂದೊಂದು ಉಸಿರಿಗೂ ತಲೆಯಾಡಿಸುತ್ತ ಎಷ್ಟು ಉದ್ದ ಬರುತ್ತದೆಂದು ಗಮನಿಸುತ್ತಿದ್ದೆ.

ಕೂಗು ತಟ್ಟನೆ ನಿಂತಿತು. ಎಲ್ಲರೂ ನನ್ನ ಕಡೆ ತಿರುಗಿದರು.

"ಡಾಕ್ಟರಮ್ಮ, ತಲೆ ಆಡಿಸ್ಬೇಡಿ!" ಎಂದು ರಂಗರಾಜು ಕನ್ನಡದಲ್ಲಿ ಕೂಗಿದರು. ಆ ದನಿ ಮಂಡಿಯ ತಗಡಿನ ಮಾಡಿಗೆ ಬಡಿದು ಬೀದಿಯ ತನಕ ಹೋಯಿತು. "ಇಲ್ಲಿ ತಲೆ ಆಡ್ಸಿದ್ರೆ ಬೆಲೆ ಒಪ್ದಂಗೆ. ಅಷ್ಟು ಮೂಟೇನೂ ನಿಮ್ಮ ಕಾರಿಗೆ ಹೇರಿಸ್ಬಿಡ್ತಾರೆ!"